ಅಂಚೆಯ ಪಾಠ, ಅಂತರಜಾಲದ ಶಾಲೆ

ನಮ್ಮ ಹಿಂದಿನ ಕಾಲದ ಕೂಲಿಮಠದ ಐಗಳು ಯಾರಿಗೂ ಪ್ರಮಾಣಪತ್ರ ಬರೆದುಕೊಟ್ಟವರಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಒಪ್ಪಿಸಿ, ಒಂದಷ್ಟು ಅಮರವನ್ನೋ ಜೈಮಿನಿಯನ್ನೋ ಬಾಯಿಪಾಠ ಮಾಡಿ ಹುಡುಗ ಮಠದಿಂದ ಹೊರಬಿದ್ದನೆಂದರೆ, ಅವನು ಕಲಿತದ್ದೆಷ್ಟು ಎಂಬುದಕ್ಕೆ ಊರೇ ಸಾಕ್ಷಿ. ಅಂಗಡಿಯ ಲೆಕ್ಕ ಬರೆಯಲು ಕೂತರೆ ತಿಳಿಯುತ್ತಿತ್ತು. ನೆರೆಮನೆಯ ಮುದುಕಿ ಮಗನ ಕಾಗದವನ್ನು ಕೈಗಿತ್ತು "ಓದಪ್ಪ" ಎಂದರೆ ತಿಳಿಯುತ್ತಿತ್ತು. ಆದರೆ ಈ ಸಾಕ್ಷಿಯ ಬೆಲೆ ಊರಬಾಗಿಲವರೆಗೆ ಮಾತ್ರ. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದವರ ಮುಂದೆ ನಿಂತು "ನಾನು ಕಲಿತವನು" ಎಂದರೆ ನಂಬುವವರಾರು? ವಿದ್ಯೆಗೆ ಮುದ್ರೆ ಬೇಕಾದದ್ದು ಅಲ್ಲಿಂದ ಮುಂದೆ.

ಈ ಹೊತ್ತು ಅಮೆರಿಕದ ಯಾವುದೋ ಹಳ್ಳಿಯ ಹುಡುಗಿಯೊಬ್ಬಳು ಅಡುಗೆಮನೆಯ ಮೇಜಿನ ಮುಂದೆ ಕೂತು, ಗಣಕಯಂತ್ರದ ಮೂಲಕ ಪ್ರೌಢಶಾಲೆಯ ಬೀಜಗಣಿತವನ್ನು ಕಲಿಯುತ್ತಾಳೆ. ಅವಳ ಊರಿನ ಶಾಲೆಯಲ್ಲಿ ಆ ಪಾಠ ಹೇಳುವವರಿಲ್ಲದಿರಬಹುದು, ಅವಳಿಗೆ ಕಾಯಿಲೆಯಿರಬಹುದು, ತಂದೆಯದು ಊರೂರು ಅಲೆಯುವ ಉದ್ಯೋಗವಿರಬಹುದು. ವರ್ಷದ ಕೊನೆಗೆ ಆ ಪಾಠ ಅವಳ ಅಂಕಪಟ್ಟಿಗೆ ಸೇರುತ್ತದೆ. ಕಾಲೇಜು ಅದನ್ನು ಒಪ್ಪುತ್ತದೆ. ಇದನ್ನು "ಮಾನ್ಯತೆ ಪಡೆದ ಆನ್‌ಲೈನ್ ಪಾಠಕ್ರಮ" ಎನ್ನುತ್ತಾರೆ. ಆನ್‌ಲೈನ್ ಎಂಬುದನ್ನು ನಾವು ಹೊಸದೆಂದು ತಿಳಿದಿದ್ದೇವೆ. ಮಾನ್ಯತೆ ಎಂಬುದನ್ನು ಕಚೇರಿಯ ಒಣಮಾತೆಂದು ತಿಳಿದಿದ್ದೇವೆ. ಎರಡೂ ಪೂರ್ತಿ ನಿಜವಲ್ಲ. ಇವೆರಡರ ಹಿಂದಿರುವ ಕಥೆಯನ್ನು ತಮ್ಮ ಮುಂದೆ ಇಡುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲು ಅಂಚೆಯ ಮಾತು. 1728ರ ಮಾರ್ಚ್ ತಿಂಗಳಲ್ಲಿ ಬಾಸ್ಟನ್ ನಗರದ ಪತ್ರಿಕೆಯೊಂದರಲ್ಲಿ ಕೇಲೆಬ್ ಫಿಲಿಪ್ಸ್ ಎಂಬಾತ ಒಂದು ಜಾಹೀರಾತು ಕೊಟ್ಟ. ಹೊರ ಊರಿನವರು ವಾರವಾರವೂ ತನ್ನಿಂದ ಪಾಠ ತರಿಸಿಕೊಂಡು ಶೀಘ್ರಲಿಪಿಯನ್ನು ಕಲಿಯಬಹುದೆಂಬುದು ಅದರ ಸಾರ. ಅದಾಗಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1840ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಎಲ್ಲಿಂದೆಲ್ಲಿಗಾದರೂ ಕಾಗದ ಹೋಗುವ ಅಂಚೆ ವ್ಯವಸ್ಥೆ ಬಂತು. ಅದೇ ವರ್ಷ ಬಾತ್ ಪಟ್ಟಣದ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯ ಪಾಠವನ್ನು ಅಂಚೆಯ ಮೂಲಕ ಹೇಳಿಕೊಡಲು ತೊಡಗಿದ. ವಿದ್ಯಾರ್ಥಿ ಒಂದು ಭಾಗವನ್ನು ಶೀಘ್ರಲಿಪಿಗೆ ಇಳಿಸಿ ಕಳುಹಿಸಬೇಕು. ಪಿಟ್ಮನ್ ತಿದ್ದಿ ಹಿಂದಿರುಗಿಸಬೇಕು. ಈ ತಿದ್ದಿ ಹಿಂದಿರುಗಿಸುವುದನ್ನು ದಯಮಾಡಿ ಗಮನಿಸಬೇಕು. ಪುಸ್ತಕ ಕೊಂಡು ಓದುವುದಕ್ಕೂ ದೂರದ ಗುರುವಿನಿಂದ ಕಲಿಯುವುದಕ್ಕೂ ಇರುವ ಅಂತರವೆಲ್ಲ ಆ ಕೆಂಪು ಶಾಯಿಯಲ್ಲಿದೆ.

1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನೀನು ಎಲ್ಲಿ ಓದಿದೆ, ಯಾರ ಬಳಿ ಓದಿದೆ ಎಂದು ನಾವು ಕೇಳುವುದಿಲ್ಲ, ಪರೀಕ್ಷೆಯಲ್ಲಿ ಉತ್ತರಿಸಿದರೆ ಪದವಿ ಕೊಡುತ್ತೇವೆ ಎಂಬ ನಿಲುವು ಅದರದು. ಕಲಿಸುವ ಕೈ ಬೇರೆ, ಮುದ್ರೆಯೊತ್ತುವ ಕೈ ಬೇರೆ ಆದದ್ದು ಹೀಗೆ. 1857ರಲ್ಲಿ ಹುಟ್ಟಿದ ಮದರಾಸು, ಮುಂಬಯಿ, ಕಲ್ಕತ್ತೆಯ ವಿಶ್ವವಿದ್ಯಾನಿಲಯಗಳೂ ಲಂಡನ್ನಿನ ಮಾದರಿಯಲ್ಲಿ ಮೊದಮೊದಲು ಪರೀಕ್ಷೆ ನಡೆಸುವ ಸಂಸ್ಥೆಗಳೇ ಆಗಿದ್ದವು. ಪರೀಕ್ಷೆಯೆಂದರೆ ವಿದ್ಯೆ, ವಿದ್ಯೆಯೆಂದರೆ ಪರೀಕ್ಷೆ ಎಂಬ ನಮ್ಮ ನಂಬಿಕೆಯ ಬೇರು ಎಷ್ಟು ಹಳೆಯದೆಂಬುದು ಇದರಿಂದ ವೇದ್ಯವಾಗುತ್ತದೆ.

ಅಮೆರಿಕದಲ್ಲಿ 1873ರಲ್ಲಿ ಬಾಸ್ಟನ್ನಿನ ಆನಾ ಎಲಿಯಟ್ ಟಿಕ್ನರ್ ಎಂಬ ಮಹಿಳೆ, ಮನೆಯಲ್ಲೇ ಇರುವ ಹೆಂಗಸರು ಓದಲೆಂದು ಒಂದು ಸಂಘ ಕಟ್ಟಿದಳು. ಪುಸ್ತಕಗಳು ಅಂಚೆಯಲ್ಲಿ ಹೋಗುತ್ತಿದ್ದವು, ಕಾಗದಗಳು ಅಂಚೆಯಲ್ಲಿ ಬರುತ್ತಿದ್ದವು. ಪದವಿಯ ಮಾತು ಅಲ್ಲಿರಲಿಲ್ಲ. ಓದಿನ ಹಸಿವೊಂದೇ ಇತ್ತು. ಅವಳು ತೀರಿಕೊಂಡ ಮೇಲೆ, 1897ರಲ್ಲಿ, ಆ ಸಂಘ ಮುಚ್ಚಿತು. 1891ರಲ್ಲಿ ಪೆನ್ಸಿಲ್ವೇನಿಯದ ಸ್ಕ್ರಾಂಟನ್ನಿನಲ್ಲಿ ಥಾಮಸ್ ಫಾಸ್ಟರ್ ಎಂಬ ಪತ್ರಿಕಾ ಸಂಪಾದಕ ಕಲ್ಲಿದ್ದಲ ಗಣಿಯ ಕೆಲಸಗಾರರಿಗೆ ಅಂಚೆಪಾಠ ಆರಂಭಿಸಿದ. ಗಣಿಯೊಳಗಿನ ಅವಘಡಗಳನ್ನು ತಪ್ಪಿಸಬೇಕಾದರೆ ಕೆಲಸಗಾರನಿಗೆ ಗಾಳಿಯ, ಅನಿಲದ, ಯಂತ್ರದ ತಿಳಿವಳಿಕೆ ಬೇಕೆಂದು ಅವನ ವಾದ. ಮರುವರ್ಷವೇ, 1892ರಲ್ಲಿ, ವಿಲಿಯಂ ರೈನಿ ಹಾರ್ಪರ್ ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣದ ವಿಭಾಗವನ್ನು ತೆರೆದ.

ಇಷ್ಟಾದರೂ ಪ್ರೌಢಶಾಲೆಯ ಹುಡುಗರಿಗೆ ಈ ಬಾಗಿಲು ತೆರೆದಿರಲಿಲ್ಲ. ಏಕೆ ತೆರೆದಿರಲಿಲ್ಲ ಎಂಬುದನ್ನು ತಿಳಿಯಲು ಮುದ್ರೆಯ ಕಥೆಗೆ ಹೊರಳಬೇಕು.

ಅಮೆರಿಕದಲ್ಲಿ ನಮ್ಮ ಎಸ್‌.ಎಸ್‌.ಎಲ್‌.ಸಿ. ಮಂಡಲಿಯಂತೆ ಎಲ್ಲರಿಗೂ ಒಂದೇ ಪರೀಕ್ಷೆ ನಡೆಸಿ ಮುದ್ರೆಯೊತ್ತುವ ಪದ್ಧತಿ ಬೆಳೆಯಲಿಲ್ಲ. ಬದಲಾಗಿ, ಶಾಲೆಯನ್ನು ನೋಡಿ ಬರುವ ಪದ್ಧತಿ ಬೆಳೆಯಿತು. 1871ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿನ ಪ್ರೌಢಶಾಲೆಗಳಿಗೆ ತಾವೇ ಹೋಗಿ ನೋಡಲು ತೊಡಗಿದರು. ಅವರ ಮನಸ್ಸಿಗೆ ಬಂದ ಶಾಲೆಯ ವಿದ್ಯಾರ್ಥಿಗಳಿಗೆ ಪ್ರವೇಶ ಪರೀಕ್ಷೆಯಿಲ್ಲದೆ ವಿಶ್ವವಿದ್ಯಾನಿಲಯಕ್ಕೆ ಪ್ರವೇಶ. 1895ರಲ್ಲಿ ಅಲ್ಲಿಯ ಮಧ್ಯ ಪ್ರಾಂತದ ಕಾಲೇಜುಗಳೂ ಶಾಲೆಗಳೂ ಕೂಡಿ ನಾರ್ತ್ ಸೆಂಟ್ರಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿಕೊಂಡವು. ಸರ್ಕಾರದ ಇಲಾಖೆಯಲ್ಲದ ಇಂತಹ ಸಂಘಗಳೇ ಮುಂದೆ ಮಾನ್ಯತೆ ಕೊಡುವ ಅಧಿಕಾರವನ್ನು ಪಡೆದವು.

ಇದಕ್ಕೆ ಅಳತೆಗೋಲು ಒದಗಿದ ಬಗೆ ಸ್ವಾರಸ್ಯವಾದುದು. 1905ರಲ್ಲಿ ಉಕ್ಕಿನ ಸಿರಿವಂತ ಆಂಡ್ರೂ ಕಾರ್ನೆಗಿ ವೃದ್ಧ ಪ್ರಾಧ್ಯಾಪಕರ ನಿವೃತ್ತಿವೇತನಕ್ಕೆಂದು 1 ಕೋಟಿ ಡಾಲರು ದಾನಮಾಡಿದ. ಯಾವ ಕಾಲೇಜಿನವರಿಗೆ ಕೊಡಬೇಕು? ನಿಜವಾದ ಕಾಲೇಜು ಯಾವುದು, ಹೆಸರಿಗಷ್ಟೇ ಕಾಲೇಜಾದದ್ದು ಯಾವುದು? ಪ್ರೌಢಶಾಲೆಯಲ್ಲಿ 14 ಘಟಕಗಳಷ್ಟು ಓದಿದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು ಎಂದು ತೀರ್ಮಾನವಾಯಿತು. ಒಂದು ಘಟಕವೆಂದರೆ ಒಂದು ವಿಷಯವನ್ನು ತರಗತಿಯಲ್ಲಿ ಕೂತು ವರ್ಷಕ್ಕೆ 120 ಗಂಟೆ ಕಲಿಯುವುದು. ಇದೇ ಕಾರ್ನೆಗಿ ಘಟಕ. ಪ್ರಾಧ್ಯಾಪಕರ ನಿವೃತ್ತಿವೇತನದ ಲೆಕ್ಕದಿಂದ ಮಕ್ಕಳ ಪಾಠದ ಗಡಿಯಾರ ಹುಟ್ಟಿತು! ನಿವೃತ್ತಿವೇತನದಲ್ಲೇ ಬದುಕುತ್ತಿರುವ ನನ್ನಂಥವನು ಇದನ್ನು ಕೊಂಚ ಸಂಕೋಚದಿಂದಲೇ ಹೇಳಬೇಕು.

ತೊಡಕು ಎಲ್ಲಿದೆಯೆಂಬುದು ಈಗ ಸ್ಪಷ್ಟವಾಯಿತಷ್ಟೆ. ಮಾನ್ಯತೆ ಕೊಡುವವರು ಬಂದು ನೋಡುತ್ತಿದ್ದದ್ದು ಕಟ್ಟಡವನ್ನು, ಗ್ರಂಥಭಂಡಾರವನ್ನು, ಪ್ರಯೋಗಶಾಲೆಯನ್ನು, ಅಧ್ಯಾಪಕರ ಅರ್ಹತೆಯನ್ನು. ಅಳೆಯುತ್ತಿದ್ದದ್ದು ಬೆಂಚಿನ ಮೇಲೆ ಕೂತ ಗಂಟೆಗಳನ್ನು. ಮನೆಯಲ್ಲಿ ಕೂತು ಅಂಚೆಯ ಪಾಠ ಓದುವವನಿಗೆ ಬೆಂಚೆಲ್ಲಿ, ಗಂಟೆಯೆಲ್ಲಿ?

ಇದಕ್ಕೆ ಉತ್ತರ ದೊಡ್ಡ ನಗರಗಳಿಂದ ಬರಲಿಲ್ಲ, ಬಯಲುಸೀಮೆಯಿಂದ ಬಂತು. 1923ರಲ್ಲಿ ಮಿಷಿಗನ್ನಿನ ಬೆಂಟನ್ ಹಾರ್ಬರ್ ಎಂಬ ಊರಿನ ಶಾಲಾಧಿಕಾರಿ ಸಿಡ್ನಿ ಮಿಚೆಲ್, ತನ್ನ ಪ್ರೌಢಶಾಲೆಯಲ್ಲಿ ಕಲಿಸಲಾಗದ ವೃತ್ತಿವಿಷಯಗಳನ್ನು ಅಂಚೆಯಿಂದ ತರಿಸಿದ. ಆದರೆ ಹುಡುಗರು ಆ ಪಾಠಗಳನ್ನು ಶಾಲೆಯಲ್ಲೇ, ಒಬ್ಬ ಅಧ್ಯಾಪಕನ ಮೇಲ್ವಿಚಾರಣೆಯಲ್ಲಿ ಓದುವಂತೆ ಏರ್ಪಾಟು ಮಾಡಿದ. ಆರು ವರ್ಷಗಳ ಮೇಲೆ, 1929ರಲ್ಲಿ, ನೆಬ್ರಾಸ್ಕ ವಿಶ್ವವಿದ್ಯಾನಿಲಯ ಇದೇ ದಾರಿಯಲ್ಲಿ ಪ್ರೌಢಶಾಲೆಯ ಪಾಠಗಳನ್ನು ಕಳುಹಿಸಲು ಮೊದಲುಮಾಡಿತು.

ನೆಬ್ರಾಸ್ಕವೆಂದರೆ ಕಣ್ಣು ಹಾಯುವವರೆಗೂ ಹುಲ್ಲುಗಾವಲು, ಜೋಳದ ಹೊಲ. ಊರಿನಿಂದ ಊರಿಗೆ ಬಹುದೂರ. ಎರಡು ಮೂರು ಮಂದಿ ಅಧ್ಯಾಪಕರಿರುವ ಸಣ್ಣ ಶಾಲೆಗಳು. ಅವರಲ್ಲೊಬ್ಬರಿಗೆ ಲ್ಯಾಟಿನ್ ಬಾರದಿದ್ದರೆ, ಇನ್ನೊಬ್ಬರಿಗೆ ಮೇಲಿನ ಗಣಿತ ಬಾರದಿದ್ದರೆ, ಆ ಊರಿನ ಮಕ್ಕಳಿಗೆ ಆ ವಿದ್ಯೆಯೇ ಇಲ್ಲ. ವಿಶ್ವವಿದ್ಯಾನಿಲಯದಿಂದ ಬರುವ ಪಾಠದ ಕಟ್ಟು ಈ ಕೊರತೆಯನ್ನು ತುಂಬಿತು. ಪಾಠ ದೂರದ್ದು, ತಿದ್ದುವವರು ದೂರದವರು, ಆದರೆ ಎದುರಿಗೆ ಕೂತು "ಈ ವಾರದ ಉತ್ತರ ಬರೆದೆಯಾ?" ಎಂದು ಕೇಳುವವರು ಊರಿನವರೇ. ಪರೀಕ್ಷೆಯ ಪ್ರಶ್ನೆಪತ್ರಿಕೆ ಹೋಗುತ್ತಿದ್ದದ್ದೂ ಆ ಮೇಲ್ವಿಚಾರಕರ ಕೈಗೆ. ಅವರ ಕಣ್ಣೆದುರು ಹುಡುಗ ಉತ್ತರ ಬರೆಯಬೇಕು. ಬರೆದದ್ದನ್ನು ಅವರೇ ಹಿಂದಕ್ಕೆ ಕಳುಹಿಸಬೇಕು.

ಇಲ್ಲಿ ಕೂಲಿಮಠದ ಊರಸಾಕ್ಷಿಯೂ ಲಂಡನ್ನಿನ ಪರೀಕ್ಷೆಯೂ ಒಂದಾಗಿವೆ. ಈ ಹುಡುಗ ಇವನೇ, ಈ ಉತ್ತರ ಇವನದೇ ಎಂದು ಹೇಳಲು ಊರಿನ ಒಬ್ಬ ಮನುಷ್ಯ. ಉತ್ತರದ ಬೆಲೆ ಇಷ್ಟು ಎಂದು ಹೇಳಲು ದೂರದ ಒಬ್ಬ ಅಧ್ಯಾಪಕ. ಈ ಇಬ್ಬರ ಮಾತು ಕೂಡಿದರೆ ಬೆಂಚಿನ ಗಂಟೆಗಳಿಲ್ಲದೆಯೂ ವಿದ್ಯೆ ಪ್ರಮಾಣವಾಗಬಲ್ಲುದು. ಆದರೂ ಆ ಪ್ರೌಢಶಾಲೆಗೆ ಸ್ವಂತ ಮಾನ್ಯತೆ ಬರಲು ಬಹಳ ಕಾಲ ಹಿಡಿಯಿತು. ರಾಜ್ಯದ ಶಿಕ್ಷಣ ಇಲಾಖೆಯ ಮಾನ್ಯತೆ 1967ರಲ್ಲಿ ಬಂತು, ನಾರ್ತ್ ಸೆಂಟ್ರಲ್ ಸಂಘದ್ದು 1978ರಲ್ಲಿ. ಪಾಠ ತಲುಪಲು ಎರಡು ದಿನ ಸಾಕಾಗಿತ್ತು; ನಂಬಿಕೆ ತಲುಪಲು ಸುಮಾರು ಅರ್ಧ ಶತಮಾನ ಬೇಕಾಯಿತು.

ಭೂಮಿಯ ಇನ್ನೊಂದು ಮಗ್ಗುಲಲ್ಲೂ ಇದೇ ಕೆಲಸ ನಡೆದಿತ್ತು. ನ್ಯೂಜಿಲೆಂಡಿನಲ್ಲಿ 1922ರಲ್ಲಿ ದ್ವೀಪಗಳ, ದೀಪಸ್ತಂಭಗಳ, ಒಂಟಿ ಕುರಿಪಾಳ್ಯಗಳ ಮಕ್ಕಳಿಗಾಗಿ ಒಬ್ಬಳೇ ಉಪಾಧ್ಯಾಯಿನಿಯಿಂದ ಅಂಚೆಶಾಲೆ ಆರಂಭವಾಯಿತು. 1929ರಲ್ಲಿ ಅದಕ್ಕೆ ಪ್ರೌಢಶಾಲೆಯ ತರಗತಿಗಳು ಸೇರಿದವು. 1948ರ ಮೊದಲ ತಿಂಗಳುಗಳಲ್ಲಿ ಪೋಲಿಯೊ ಹಾವಳಿಯಿಂದ ಆ ದೇಶದ ಶಾಲೆಗಳೆಲ್ಲ ಮುಚ್ಚಿದಾಗ, ಕೆಲವರಿಗೆಂದು ಇದ್ದ ಅಂಚೆಶಾಲೆ ಎಲ್ಲರಿಗೂ ಆಸರೆಯಾಯಿತು; ಪಾಠಗಳು ರೇಡಿಯೊದಲ್ಲಿ ಬಂದವು. ಆಸ್ಟ್ರೇಲಿಯದ ನಡುವಿನ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ 1951ರ ಜೂನ್ 8ರಂದು ಆಕಾಶದ ಶಾಲೆ ತೆರೆಯಿತು. ಅಡಿಲೇಡ್ ಮಿಯೆತ್ಕೆ ಎಂಬ ಶಿಕ್ಷಕಿ ಆ ಮರುಭೂಮಿಯ ಮಕ್ಕಳು ಹೊರಗಿನವರೊಡನೆ ಮಾತನಾಡಲು ನಾಚುವುದನ್ನು ಕಂಡಿದ್ದಳು. ಅಲ್ಲಿ ವೈದ್ಯರು ವಿಮಾನದಲ್ಲಿ ಬರುತ್ತಿದ್ದರು. ಅವರನ್ನು ಕರೆಯಲು ಒಂಟಿಮನೆಗಳಲ್ಲಿ ಎರಡೂ ಕಡೆ ಮಾತು ಹೋಗುವ ರೇಡಿಯೊ ಇತ್ತು. ರೋಗಿಗಳಿಗೆಂದು ಇದ್ದ ತಂತಿಯಿಲ್ಲದ ದಾರಿಯಲ್ಲಿ ಪಾಠವೂ ಏಕೆ ಹೋಗಬಾರದು ಎಂದು ಅವಳು ಯೋಚಿಸಿದಳು. ಅಂಚೆಯಲ್ಲಿ ಓದುತ್ತಿದ್ದ ಮಕ್ಕಳು ಅಂದಿನಿಂದ ಗುರುವಿನ ದನಿ ಕೇಳಿದರು. ತಮ್ಮಂತೆಯೇ ಎಲ್ಲೋ ದೂರದಲ್ಲಿ ಕೂತ ಸಹಪಾಠಿಯ ದನಿಯನ್ನೂ ಕೇಳಿದರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ನಡೆಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟದ್ದನ್ನು ಬಲ್ಲ ನಮಗೆ ಆಕಾಶದ ಶಾಲೆಯೆಂಬ ಹೆಸರು ಹೊರಗಿನದೆನಿಸುವುದಿಲ್ಲ.

ಅಂತರಜಾಲ ಬಂದದ್ದು ಇವೆಲ್ಲದರ ಬೆನ್ನಿಗೆ. 1997ರಲ್ಲಿ ಎರಡು ಪ್ರಯೋಗಗಳು ಆರಂಭವಾದವು. ಎರಡರಲ್ಲೂ ವಿಚಾರಮಾಡತಕ್ಕ ಅಂಶಗಳಿವೆ. ಮೊದಲನೆಯದು ಮ್ಯಾಸಚುಸೆಟ್ಸಿನ ವರ್ಚುಯಲ್ ಹೈಸ್ಕೂಲ್. ಇದು ನಮ್ಮ ರೈತರ ಮುಯ್ಯಾಳಿನ ಪದ್ಧತಿಯನ್ನು ನೆನಪಿಗೆ ತರುತ್ತದೆ. ಒಂದು ಶಾಲೆ ತನ್ನ ಒಬ್ಬ ಅಧ್ಯಾಪಕನಿಂದ ಒಂದು ಪಾಠಕ್ರಮವನ್ನು ಅಂತರಜಾಲದ ಮೂಲಕ ಎಲ್ಲ ಶಾಲೆಗಳಿಗೂ ಕೊಡಬೇಕು. ಪ್ರತಿಯಾಗಿ ಆ ಶಾಲೆಯ ಇಪ್ಪತ್ತರಷ್ಟು ಮಕ್ಕಳು ಉಳಿದ ಶಾಲೆಗಳ ಪಾಠಗಳಿಗೆ ಸೇರಬಹುದು. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಮಗುವಿನ ಸ್ವಂತ ಶಾಲೆಯೇ ಅಂಕವನ್ನು ಬರೆದುಕೊಳ್ಳುವುದರಿಂದ ಮಾನ್ಯತೆಯ ತೊಡಕು ಬಹುಮಟ್ಟಿಗೆ ಬಗೆಹರಿಯಿತು.

ಎರಡನೆಯದು ಫ್ಲಾರಿಡ ರಾಜ್ಯದ್ದು. ಅದು ಸರ್ಕಾರವೇ ನಡೆಸಿದ ಶಾಲೆ. ಅದರ ಹಣಕಾಸಿನ ನಿಯಮ ವಿಶಿಷ್ಟವಾದುದು: ವಿದ್ಯಾರ್ಥಿ ಸೇರಿದ್ದಕ್ಕೆ ಹಣವಿಲ್ಲ, ಪಾಠಕ್ರಮವನ್ನು ಮುಗಿಸಿ ತೇರ್ಗಡೆಯಾದರೆ ಮಾತ್ರ ಶಾಲೆಗೆ ಹಣ. 120 ಗಂಟೆಯ ಗಡಿಯಾರಕ್ಕೆ ಇದು ನೇರವಾದ ಸವಾಲು. ಎಷ್ಟು ಹೊತ್ತು ಕೂತೆ ಎಂಬುದರ ಬದಲು ಎಷ್ಟು ಕಲಿತೆ ಎಂಬ ಪ್ರಶ್ನೆ ಮುಂದೆ ಬಂತು. 2006ರಲ್ಲಿ ಮಿಷಿಗನ್ ರಾಜ್ಯ, ಪ್ರತಿಯೊಬ್ಬ ಪ್ರೌಢಶಾಲಾ ವಿದ್ಯಾರ್ಥಿಗೂ ಅಂತರಜಾಲದ ಕಲಿಕೆಯ ಅನುಭವ ಆಗಲೇಬೇಕೆಂದು ಶಾಸನ ಮಾಡಿತು. ಹಾಗೆ ಮಾಡಿದ ಮೊದಲ ರಾಜ್ಯ ಅದು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ತನ್ನ ಆನ್‌ಲೈನ್ ಪ್ರೌಢಶಾಲೆಯನ್ನು ತೆರೆಯಿತು. ಹಳೆಯ ನಾರ್ತ್ ಸೆಂಟ್ರಲ್ ಸಂಘದ ಶಾಲಾವಿಭಾಗವೂ ದಕ್ಷಿಣ ಪ್ರಾಂತದ ಅಂತಹುದೇ ವಿಭಾಗವೂ ಆ ವರ್ಷವೇ ಒಂದುಗೂಡಿದವು. 2019ರಿಂದ ಆ ಸಂಸ್ಥೆಗೆ ಕಾಗ್ನಿಯ ಎಂಬ ಹೆಸರಿದೆ.

ಮುದ್ರೆಗೆ ಬೆಲೆ ಬಂದಲ್ಲಿ ಕಳ್ಳಮುದ್ರೆಯೂ ಬರುತ್ತದೆ. ಮನೆಯಲ್ಲೇ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಒತ್ತಿ ಕೆಲವು ನೂರು ಡಾಲರು ಕಟ್ಟಿದರೆ ಪ್ರೌಢಶಾಲೆಯ ಪ್ರಮಾಣಪತ್ರ ಎಂದು ನಂಬಿಸುವವರು ಹುಟ್ಟಿಕೊಂಡರು. ತಮಗೆ ಮಾನ್ಯತೆಯಿದೆಯೆಂದು ತೋರಿಸಲು ಮಾನ್ಯತೆ ಕೊಡುವ ಸಂಸ್ಥೆಯನ್ನೂ ತಾವೇ ಕಲ್ಪಿಸಿಕೊಂಡವರುಂಟು. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫ್ಲಾರಿಡದ ಇಂತಹ ಒಂದು ಕೂಟದ ಮೇಲೆ ನ್ಯಾಯಾಲಯದಲ್ಲಿ ಕ್ರಮ ಕೈಗೊಂಡಿತು. ಅಲ್ಲಿ ದುಡ್ಡು ಕಟ್ಟಿದವರು ಕಾಲೇಜಿನ ಬಾಗಿಲಿಗೆ, ಸೈನ್ಯದ ಬಾಗಿಲಿಗೆ, ಕೆಲಸದ ಬಾಗಿಲಿಗೆ ಹೋದಾಗ ಆ ಕಾಗದಕ್ಕೆ ಬೆಲೆಯಿಲ್ಲವೆಂದು ತಿಳಿದುಕೊಂಡವರು. ಮೋಸಹೋದವರಲ್ಲಿ ಹೆಚ್ಚಿನವರು ಹಿಂದೊಮ್ಮೆ ಓದು ಬಿಡಬೇಕಾಗಿ ಬಂದವರು ಎಂಬುದು ಇದರ ದುಃಖದ ಭಾಗ.

ಈ ಭಯವೇ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಬದುಕಿನಿಂದಲೇ ಒಂದು ಪ್ರಸಂಗವನ್ನು ಹೇಳಬೇಕಾಗಿದೆ.

ನಮ್ಮ ದೇಶದಲ್ಲಿ ಅಂಚೆ ಶಿಕ್ಷಣ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಿಂದ ಮೊದಲಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅದು ಬಂತು. ಅಂಚೆ ತೆರಪಿನ ಶಿಕ್ಷಣ ಎಂಬ ಸೊಗಸಾದ ಹೆಸರು ಅದಕ್ಕೆ ನಮ್ಮ ಭಾಷೆಯಲ್ಲಿ ನೆಲೆನಿಂತಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಶಾಲೆಯ ಮಟ್ಟದಲ್ಲಿ 1979ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯ ಒಂದು ಯೋಜನೆಯಾಗಿ ಮುಕ್ತಶಾಲೆ ಹುಟ್ಟಿತು. 1989ರಲ್ಲಿ ಅದು ರಾಷ್ಟ್ರೀಯ ಮುಕ್ತಶಾಲೆಯೆಂಬ ಸ್ವತಂತ್ರ ಸಂಸ್ಥೆಯಾಯಿತು. ಮರುವರ್ಷ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಭಾರತ ಸರ್ಕಾರ ಅದಕ್ಕೆ ಕೊಟ್ಟಿತು.

1990ರ ದಶಕದ ಆರಂಭದಲ್ಲಿ ನಾನೊಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಪ್ರವೇಶ ಸಮಿತಿಯಲ್ಲಿ ಕಿರಿಯ ಸದಸ್ಯ. ಒಂದು ಹುಡುಗಿ ಬಿ.ಎ. ತರಗತಿಗೆ ಅರ್ಜಿ ತಂದಳು. ಜೊತೆಯಲ್ಲಿದ್ದ ಅಂಕಪಟ್ಟಿ ನಾನೆಂದೂ ಕಂಡದ್ದಲ್ಲ.

"ಏನಮ್ಮ, ಇದು ಯಾವ ಬೋರ್ಡು?" ಎಂದೆ.

"ದೆಹಲಿಯದು ಸಾರ್. ಸರ್ಕಾರದ್ದೇ."

"ಶಾಲೆ ಯಾವುದು?"

"ಶಾಲೆ ಇಲ್ಲ ಸಾರ್. ಅಮ್ಮನಿಗೆ ಹುಷಾರಿರಲಿಲ್ಲ. ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ."

ಶಾಲೆಯೇ ಇಲ್ಲವೆಂಬ ಮಾತಿಗೆ ಮೇಜಿನ ಸುತ್ತ ಇದ್ದವರು ನಕ್ಕರು, ನಾನೂ ನಕ್ಕಿರಬೇಕು. "ಪರಿಶೀಲಿಸತಕ್ಕದ್ದು" ಎಂದು ಬರೆದು ಅರ್ಜಿಯನ್ನು ಬದಿಗಿಟ್ಟೆ. ಆ ಪ್ರಮಾಣಪತ್ರ ಸಕ್ರಮವಾದುದೆಂದು ತಿಳಿದುಬರುವ ಹೊತ್ತಿಗೆ ಸೀಟುಗಳು ತುಂಬಿಹೋಗಿದ್ದವು. ಒಂದು ದಿನ ಆಕೆ ಬಂದು ಕಾಗದಗಳನ್ನು ಹಿಂದಕ್ಕೆ ಪಡೆದು, "ಪರವಾಗಿಲ್ಲ ಸಾರ್" ಎಂದು ಹೇಳಿ ಹೋದಳು. ಮತ್ತೆ ಅವಳನ್ನು ನಾನು ಕಾಣಲಿಲ್ಲ.

ಆ ವರ್ಷ ನಾನು ತರಗತಿಯಲ್ಲಿ ಏಕಲವ್ಯನ ಪ್ರಸಂಗವನ್ನು ಪಾಠ ಹೇಳಬೇಕಾಗಿತ್ತು. ಹಿಂದೆಲ್ಲ ಅದನ್ನು ಹೇಳುವಾಗ ದ್ರೋಣನ ಮೇಲೆ ನನಗೆ ಬಹಳ ಸಿಟ್ಟು ಬರುತ್ತಿತ್ತು, ವಿದ್ಯಾರ್ಥಿಗಳೂ ಮೆಚ್ಚುತ್ತಿದ್ದರು. ಆ ವರ್ಷ ದನಿ ಏಳಲಿಲ್ಲ. ಮಣ್ಣಿನ ಪ್ರತಿಮೆಯ ಮುಂದೆ ಕಲಿತವನ ಬಿಲ್ಲುವಿದ್ಯೆ ಅವನ ಕೈಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಅವನಿಗೆ ಎದುರಾದದ್ದು ನಿನ್ನ ಗುರು ಯಾರು ಎಂಬ ಪ್ರಶ್ನೆ. ನಾನು ಕೇಳಿದ್ದೂ ಅದನ್ನೇ. ದ್ರೋಣನಿಗಾದರೋ ಅರ್ಜುನನಿಗೆ ಕೊಟ್ಟ ಮಾತಿತ್ತು. ನನಗೆ ಯಾವ ನೆಪವೂ ಇರಲಿಲ್ಲ. ಮಾನ್ಯತೆ ಇದ್ದ ವಿದ್ಯೆಗೆ ಮನ್ನಣೆ ತಪ್ಪಿಸಿದ್ದು ನನ್ನ ಅಜ್ಞಾನ ಮಾತ್ರ.

2020ರಲ್ಲಿ ಕೊರೊನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ಗೋಡೆಯಿಲ್ಲದ ಶಾಲೆಯನ್ನು ಕಂಡು ನಕ್ಕವರೆಲ್ಲರ ಮಕ್ಕಳೂ ಮೊಮ್ಮಕ್ಕಳೂ ಗೋಡೆಯಿಲ್ಲದ ಶಾಲೆಯಲ್ಲೇ ಓದಬೇಕಾಯಿತು. ನಮ್ಮ ನಾಡಿನ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು, ಫೋನಿನಲ್ಲಿ ಬಂತು, ಫೋನಿಲ್ಲದವರಿಗೆ ಬರಲೂ ಇಲ್ಲ. 2021ರಲ್ಲಿ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ ತನ್ನ ಅಂತರಜಾಲದ ಶಾಲೆಯನ್ನೂ ತೆರೆಯಿತು.

ಇಂದು ಮಗುವನ್ನು ಇಂತಹ ಪಾಠಕ್ಕೆ ಸೇರಿಸುವ ತಂದೆತಾಯಿಗಳಿಗೆ ಈ ಚರಿತ್ರೆಯಿಂದ ದೊರೆಯುವ ಪ್ರಶ್ನೆಗಳು ನಾಲ್ಕು. ಮುದ್ರೆಯೊತ್ತುವವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು? ಮಗು ಮುಂದೆ ಸೇರಬೇಕೆಂದಿರುವ ಶಾಲೆ ಅಥವಾ ಕಾಲೇಜು ಅದನ್ನು ಒಪ್ಪುತ್ತದೆಯೆ. ಒಪ್ಪುವುದಾದರೆ ಮೊದಲೇ ಬರೆದುಕೊಡುತ್ತದೆಯೆ? ಬರೆದ ಉತ್ತರವನ್ನು ಓದಿ ತಿದ್ದುವ ಒಬ್ಬ ಅಧ್ಯಾಪಕ ಆ ಕಡೆ ಇದ್ದಾನೆಯೆ? ಪರೀಕ್ಷೆಯ ಹೊತ್ತಿನಲ್ಲಿ ಮಗುವಿನ ಎದುರು ಯಾರಾದರೂ ಕೂತಿರುತ್ತಾರೆಯೆ? ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಪಾಠ ಅಂಚೆಯಲ್ಲಿ ಬಂದರೇನು, ಆಕಾಶದಲ್ಲಿ ಬಂದರೇನು!

ಮೇಜಿನ ಈಚೆ ಕೂತ ನಮ್ಮಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಆ ಹುಡುಗಿಯನ್ನು ನಾನು ಶಾಲೆ ಯಾವುದು ಎಂದು ಕೇಳಿದೆ. ಏನು ಓದಿದೆಯಮ್ಮ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳಲು ಸಿದ್ಧವಾಗಿಯೇ ಬಂದಿದ್ದಳು.